ಹೆಬ್ಬೆಟ್ಟು ನಡೆಯದ ಮನೆ

ಮೇಡಂ ತೀರಿಕೊಂಡ ಮೂರನೆಯ ವಾರ ಮಾವ ಮುಂದಿನ ಕೋಣೆಗೆ ಬೀಗ ಜಡಿದು, ಕೀಲಿಯನ್ನು ಅಂಗಿಯ ಜೇಬಿಗೆ ಇಳಿಸಿ, ಏನೂ ಆಗದವರಂತೆ ಬಂದು ಚಹಾ ಕೇಳಿದರು.

ಸೊಸೆ ಚಹಾ ಕೊಡಲಿಲ್ಲ.

"ಆ ಕೋಣೆ ನನಗೆ ಬರಬೇಕು ಮಾವ. ಅತ್ತೆ ಕೊಡ್ತೀನಿ ಅಂದಿದ್ರು."

"ಯಾವಾಗ?"

"ಆಸ್ಪತ್ರೆಗೆ ಸೇರೋ ಮುಂಚೆ. ಇಲ್ಲೇ ನಿಂತು ಹೇಳಿದ್ರು. ಶಾಲೆ ಶುರುವಾಗೋ ಹೊತ್ತಿಗೆ ಕೋಣೆ ನಿಂದು, ನಾನು ಪಾಠಾನ ಆಸ್ಪತ್ರೆ ವರಾಂಡಕ್ಕೆ ತಗೊಂಡು ಹೋಗ್ತೀನಿ ಅಂದ್ರು. ನೀವೂ ಇದ್ರಿ, ಉಗುರು ಕತ್ತರಿಸ್ಕೊಳ್ತಾ ಕೂತಿದ್ರಿ."

"ನನಗೆ ನೆನಪಿಲ್ಲ," ಎಂದರು ಮಾವ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಕೂದಲೆಳೆಯಂಥ ಸ್ಪ್ರಿಂಗನ್ನು ಎಲ್ಲಿ ಇಟ್ಟೆ ಎಂದು ಒಮ್ಮೆಯೂ ಮರೆಯದ ಮನುಷ್ಯ ಆಡಿದ ಮಾತಿದು.

"ನೆನಪಿಲ್ವಾ?"

"ಇಲ್ಲ ಅಂದೆನಲ್ಲ. ಚಹಾ ಕೊಡ್ತೀಯೋ, ನಾನೇ ಮಾಡ್ಕೊಳ್ಳಲೋ?"

"ನೀವೇ ಮಾಡ್ಕೊಳ್ಳಿ. ಹಾಲು ಎಲ್ಲಿದೆ ಅನ್ನೋದಾದ್ರೂ ನೆನಪಿದೆಯಾ?"

ಆ ಮನೆಯನ್ನು ನೋಡಿದವರಿಗೆ ಅವಳ ಸಿಟ್ಟು ಅರ್ಥವಾಗುತ್ತಿತ್ತು. ಮುಂದೆ ಬೀದಿಗೆ ಕಿಟಕಿಯಿರುವ ದೊಡ್ಡ ಕೋಣೆ. ಅದರ ಹಿಂದೆ ಮಲಗುವ ಎರಡು ಕೋಣೆ. ಕೊನೆಗೆ ಅಡುಗೆಮನೆ, ಬಚ್ಚಲು. ಅಡುಗೆಮನೆಗೂ ಬಚ್ಚಲಿಗೂ ನಡುವೆ ಒಬ್ಬರು ಅಡ್ಡ ತಿರುಗಿ ದಾಟಬೇಕಾದಷ್ಟು ಜಾಗ. ಅಲ್ಲಿ ಅವಳ ಹೊಲಿಗೆ ಮಿಷನ್ನು. ಬಸ್ ಡ್ರೈವರ್ ಗಂಡ ಬೆಳಗಿನ ಪಾಳಿಗೆ ಎದ್ದು ಬಚ್ಚಲಿಗೆ ಹೋಗಬೇಕೆಂದರೆ ಬಟ್ಟೆಯ ಗಂಟುಗಳನ್ನು ಕಾಲೆತ್ತಿ ದಾಟಬೇಕು. ಸಾರಿನಲ್ಲಿ ದಾರದ ತುಂಡು ಸಿಗುವುದು, ಸಮವಸ್ತ್ರಕ್ಕೆ ಅರಿಶಿನ ಹತ್ತುವುದು ಎರಡೂ ಅಲ್ಲಿ ಮಾಮೂಲು. ಈಗ ಹತ್ತಿರದ ಶಾಲೆಯವರು ನೂರಿಪ್ಪತ್ತು ಜೊತೆ ಸಮವಸ್ತ್ರದ ಕೆಲಸ ಕೊಟ್ಟಿದ್ದರು. ಇನ್ನೊಂದು ಮಿಷನ್ನು ಹಾಕಿ, ಕತ್ತರಿಸುವ ಮೇಜು ಹಾಕಿ, ಗೆಳತಿಯೊಬ್ಬಳನ್ನು ಕೂರಿಸಿಕೊಂಡರೆ ಮಾತ್ರ ಏಳು ವಾರದಲ್ಲಿ ಮುಗಿಯುವ ಕೆಲಸ. ಮುಗಿಯದಿದ್ದರೆ ಮುಂದಿನ ವರ್ಷ ಆ ಕೆಲಸ ದೊಡ್ಡ ಅಂಗಡಿಗೆ ಹೋಗುತ್ತದೆ. ಅದೂ ಕಡು ನೀಲಿ ಬಟ್ಟೆಗೆ ಕಡು ನೀಲಿ ದಾರ. ಕಿಟಕಿಯ ಬೆಳಕಿಲ್ಲದೆ ಹೊಲಿದರೆ ಹೊಲಿಗೆ ಎಲ್ಲಿ ಹೋಯಿತೆಂದು ಬೆರಳಲ್ಲಿ ತಡವಿ ನೋಡಬೇಕು.

ಮೇಡಂ ಎಂದರೆ ಅವಳ ಅತ್ತೆ. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು. ಬೀದಿಗೆಲ್ಲ ಮೇಡಂ, ಹೊರಗಿನವರ ಮುಂದೆ ಗಂಡ ಕೂಡ ಮೇಡಂ ಎಂದೇ ಕರೆಯುತ್ತಿದ್ದರು. ನಿವೃತ್ತಿಯಾದ ದಿನ ಶಾಲೆಯವರು ಒಂದು ಕೈಗಡಿಯಾರ ಉಡುಗೊರೆ ಕೊಟ್ಟರು. "ಗಡಿಯಾರ ರಿಪೇರಿಯವನ ಹೆಂಡತಿಗೆ ಗಡಿಯಾರ! ಇವರಿಗೆ ಭೂಗೋಳ ಬಿಟ್ಟು ಬೇರೇನೂ ಗೊತ್ತಿಲ್ಲ," ಎಂದು ನಗುತ್ತಾ ಮನೆಗೆ ಬಂದವರು ಮಾರನೆಯ ಬೆಳಿಗ್ಗೆಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಚೀಟಿ ಬರೆಸುವ ಕಿಂಡಿಯ ಪಕ್ಕದ ಬೆಂಚಿನಲ್ಲಿ ಕುಳಿತರು. ಓದು ಬರಹ ಬಾರದವರ ಅರ್ಜಿ ತುಂಬಿಸಿಕೊಡುವ ಕೆಲಸ. ಯಾರೂ ಹೇಳಿರಲಿಲ್ಲ, ಯಾರೂ ಸಂಬಳ ಕೊಡಲಿಲ್ಲ. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಮನೆಯ ಮುಂದಿನ ಕೋಣೆ. ಹದಿನಾಲ್ಕು ವರ್ಷ ಹಾಗೇ ನಡೆಯಿತು.

ಅವರದು ಒಂದೇ ಹಟ.

"ವಯಸ್ಸು, ವಿಳಾಸ, ಕಾಯಿಲೆ ಎಲ್ಲಾ ನಾನು ಬರೀತೀನಿ. ಸಹಿ ಮಾತ್ರ ನಿಂದು."

"ಹೆಬ್ಬೆಟ್ಟು ಒತ್ತುತ್ತೀನಿ ಮೇಡಂ."

"ನಮ್ಮನೇಲಿ ಹೆಬ್ಬೆಟ್ಟು ನಡೆಯಲ್ಲ."

ಜ್ವರದಲ್ಲಿ ನಡುಗುತ್ತಿರುವವರನ್ನು ಅವರು ಗೋಳುಹಾಕಿಕೊಳ್ಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಹೆಬ್ಬೆಟ್ಟು ಒತ್ತಿಸಿಯೇ ಒಳಗೆ ಕಳಿಸುತ್ತಿದ್ದರು. ಆದರೆ ವಿಳಾಸ ಬರೆದುಕೊಂಡು, ಕಾಯಿಲೆ ವಾಸಿಯಾದ ಮೇಲೆ ಮನೆಗೆ ಬಾ ಎನ್ನುತ್ತಿದ್ದರು. ಬಾರದವರ ಮನೆಗೆ ತಾವೇ ಹೋಗುತ್ತಿದ್ದರು. ಗಾರೆ ಕೆಲಸದವರು, ಗುಡಿಸುವವರು, ಲಾರಿಯಲ್ಲಿ ಮೂಟೆ ಹೊರುವವರು ಹಿಡಿಶಾಪ ಹಾಕುತ್ತಲೇ ಆ ಕೋಣೆಯ ಬೆಂಚಿನ ಮೇಲೆ ಕೂತು, ನಾಲಿಗೆ ಕಚ್ಚಿಕೊಂಡು, ತಮ್ಮ ಹೆಸರಿನ ಒಂದೊಂದೇ ಅಕ್ಷರ ತಿದ್ದಿ, ಎದೆಯುಬ್ಬಿಸಿಕೊಂಡು ಎದ್ದು ಹೋಗುತ್ತಿದ್ದರು. ಬರೀ ಸಹಿ ಕಲಿತು ಏನಾಯಿತು ಎಂದು ಕೇಳುವವರಿದ್ದರು. ಅಂಥವರಿಗೆ ಮೇಡಂ, "ನಿನ್ನ ಸಹೀನ ಬೇರೆಯವರು ಮಾಡ್ಲಿ, ಆಗ ಏನಾಗುತ್ತೆ ನೋಡು," ಎನ್ನುತ್ತಿದ್ದರು.

ಅತ್ತೆ ಸೊಸೆ ಹಾಲು ಸಕ್ಕರೆಯಂತೆ ಇದ್ದರು ಎಂದರೆ ಶುದ್ಧ ಸುಳ್ಳಾಗುತ್ತದೆ. ಉಪ್ಪು ಹೆಚ್ಚಾದರೆ ಜಗಳ, ನಲ್ಲಿ ತೊಟ್ಟಿಕ್ಕಿದರೆ ಜಗಳ. ಪ್ರತಿ ವರ್ಷ ಪರೀಕ್ಷೆಯ ಅರ್ಜಿ ಬಿಡುವ ಕಾಲಕ್ಕೆ, "ಏಳನೇ ಕ್ಲಾಸಿಗೆ ಬಿಟ್ಟಿದ್ದೀಯ, ಕೂತ್ಕೋ, ಹತ್ತನೇದು ಕಟ್ಟಿಸ್ತೀನಿ," ಎಂದು ಅವರು. "ನಾನು ನಿಮ್ಮ ಸೊಸೆ, ಸ್ಟೂಡೆಂಟ್ ಅಲ್ಲ," ಎಂದು ಇವಳು. ಹತ್ತೊಂಬತ್ತು ವರ್ಷ ಇಬ್ಬರೂ ಸೋಲಲಿಲ್ಲ.

ಆದರೆ ಒಮ್ಮೆ ಮಿಷನ್ನಿನ ಸೂಜಿ ಇವಳ ಬೆರಳಿನೊಳಗೆ ಮುರಿದಾಗ, ದಾರಿಯುದ್ದಕ್ಕೂ ಬೈಯುತ್ತಾ ಆಸ್ಪತ್ರೆಗೆ ಎಳೆದುಕೊಂಡು ಹೋದವರು ಅದೇ ಅತ್ತೆ. ಕೈಗೆ ಕಟ್ಟು ಬಿಚ್ಚುವವರೆಗೆ ಮೂರೂ ಹೊತ್ತು ಬೇಯಿಸಿ ಹಾಕಿದರು. ಅಡುಗೆ ಬಾಯಿಗಿಡುವ ಹಾಗಿರಲಿಲ್ಲ, ಆ ಮಾತು ಬೇರೆ. ನಿಂತುಹೋದ ಕೆಲಸ ನೋಡಿ, ನಲವತ್ತು ಅಂಗಿಗೆ ತಾವೇ ಕೂತು ಗುಂಡಿ ಹಚ್ಚಿದರು. ನಲವತ್ತಕ್ಕೂ ತಪ್ಪು ಮಗ್ಗುಲಿಗೆ! ಇವಳು ಹಣೆ ಚಚ್ಚಿಕೊಂಡು, "ಬಿಡಿ, ನಾನೇ ಹೇಗೋ ಬಿಚ್ತೀನಿ," ಎಂದಳು. ಮೇಡಂ ಕತ್ತರಿ ಕಸಿದುಕೊಂಡರು. "ತಪ್ಪು ಯಾರು ಮಾಡಿದ್ದು? ಅವರೇ ತಿದ್ದಬೇಕು. ಶಾಲೇಲಿ ನಾನು ಬೇರೆಯವರ ಕೈಲಿ ತಿದ್ದಿಸಿದ್ದೀನಾ?" ಎರಡು ದಿನ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಒಂದೊಂದೇ ಗುಂಡಿ ಬಿಚ್ಚಿ, ಮತ್ತೆ ಹಚ್ಚಿದರು. ಆ ಎರಡು ದಿನ ಮನೆಯಲ್ಲಿ ಜಗಳವಿರಲಿಲ್ಲ.

ಭಾನುವಾರ ನಾದಿನಿ ಊಟಕ್ಕೆ ಬಂದಳು. ಕಾಲೇಜಿನಲ್ಲಿ ಪಾಠ ಮಾಡುವವಳು. ಮಾತಿಗೆ ಮುಂಚೆ ಕನ್ನಡಕ ಸರಿಮಾಡಿಕೊಳ್ಳುವ ಅಭ್ಯಾಸ. ಅನ್ನಕ್ಕೆ ಬೇಳೆ ಬಡಿಸುವಷ್ಟರಲ್ಲಿ ಚೀಲದಿಂದ ಒಂದು ಹಾಳೆ ತೆಗೆದಳು.

"ಅಮ್ಮನ ಹಳೇ ವಿದ್ಯಾರ್ಥಿಗಳೆಲ್ಲ ಸೇರಿದ್ದಾರೆ ಅತ್ತಿಗೆ. ಮುಂದಿನ ಕೋಣೆನ ಸ್ಮಾರಕ ಮಾಡೋಣ ಅಂತ. ಗಾಜಿನ ಬೀರು, ದೊಡ್ಡ ಫೋಟೋ, ಒಂದು ಪುಸ್ತಕ ಬೇರೆ ತರ್ತಾರಂತೆ. ಅಪ್ಪ ಒಪ್ಪಿದ್ದಾರೆ."

ಸೊಸೆಯ ಕೈಯ ಸೌಟು ನಿಂತಿತು. "ಯಾವಾಗ ಒಪ್ಪಿದ್ರಿ ಮಾವ?"

ಮಾವ ಅನ್ನ ಕಲಸುತ್ತಿದ್ದರು. "ಹೋದ ಬುಧವಾರ."

"ಇದು ಮಾತ್ರ ವಾರದ ಸಮೇತ ನೆನಪಿದೆ!"

"ಅತ್ತಿಗೆ, ಕೋಣೆ ನಿಮಗೆ ಅಂತ ಅಮ್ಮ ಎಲ್ಲಾದ್ರೂ ಬರೆದಿಟ್ಟಿದ್ದಾರಾ?"

"ಮನೆಯೊಳಗಿನ ಮಾತಿಗೆ ಯಾರಮ್ಮ ಅರ್ಜಿ ಬರೀತಾರೆ? ಬಾಯಲ್ಲಿ ಹೇಳಿದ್ರು."

"ಬಾಯಲ್ಲಿ ಹೇಳಿದ್ದಕ್ಕೆ..."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಿ ಅನ್ನು. ಬಾಯಿಬಿಟ್ಟು ಅನ್ನು."

ಗಂಡ ತಟ್ಟೆಯ ಮೇಲೆ ಬಗ್ಗಿದ. ಬಸ್ಸಿನಲ್ಲಿ ಅರವತ್ತು ಜನರನ್ನು ಹದ್ದುಬಸ್ತಿನಲ್ಲಿ ಇಡುವ ಆಸಾಮಿ, ಮನೆಯಲ್ಲಿ ಮೂರು ಜನ ಜಗಳವಾಡಿದರೆ ಬ್ರೇಕೂ ಹಿಡಿಯುವುದಿಲ್ಲ, ಹಾರ್ನೂ ಹೊಡೆಯುವುದಿಲ್ಲ.

"ರೀ, ಏನಾದ್ರೂ ಹೇಳ್ರೀ."

"ಬೇಳೆ ಚೆನ್ನಾಗಿದೆ," ಎಂದ ಗಂಡ.

ಅವರ ಹದಿನೈದು ವರ್ಷದ ಮಗಳು ಕಿಸಕ್ಕನೆ ನಕ್ಕಳು. ಮಾತಿಗೆ ಶುರು ಮಾಡಿದರೆ ನಿಲ್ಲಿಸುವುದು ಗೊತ್ತಿಲ್ಲದ ಅವಳಿಗೆ ಅಜ್ಜಿ ಇಟ್ಟ ಹೆಸರು ಅಲ್ಪವಿರಾಮ. ಮನೆಯವರ ಬಾಯಲ್ಲಿ ಅದು ಅಲ್ಪಿ ಆಗಿತ್ತು. ಅಲ್ಪಿ ಸೋದರತ್ತೆಯ ಕೈಯಿಂದ ಹಾಳೆ ಕಸಿದುಕೊಂಡು ಜೋರಾಗಿ ಓದಿದಳು: "ಎಂದೂ ಕೋಪಗೊಳ್ಳದ ಶಾಂತಮೂರ್ತಿ, ಮೃದುಭಾಷಿ..."

"ಯಾರು?" ಎಂದಳು ಸೊಸೆ. "ನಮ್ಮತ್ತೆನಾ? ಆಸ್ಪತ್ರೆ ಗುಮಾಸ್ತ ಒಂದು ಮುದುಕೀನ 'ಏ ಹೆಬ್ಬೆಟ್ಟು' ಅಂತ ಕರೆದ ಅಂತ ಅವನ ಇಂಕ್ ಪ್ಯಾಡ್ ತಗೊಂಡು ಹೋಗಿ ಮೋರಿಗೆ ಎಸೆದವರು ಮೃದುಭಾಷಿನಾ? ಅವತ್ತು ಸಾಯಂಕಾಲದವರೆಗೆ ಅವನನ್ನ ಬೈದಿದ್ದಾರೆ! ಆಮೇಲೆ ಆ ಗುಮಾಸ್ತ ಅವರು ಬಂದ್ರೆ ಎದ್ದು ನಿಲ್ತಿದ್ದ. ಇದನ್ನ ಬರಿ ಪುಸ್ತಕದಲ್ಲಿ. ಶಾಂತಮೂರ್ತಿಯಂತೆ. ಮೂರ್ತಿ ಮಾಡಿ ಗಾಜಿನೊಳಗೆ ಕೂರಿಸಿಬಿಡಿ, ಬಾಯಿ ಬಂದ್ ಆಗುತ್ತೆ."

ಮಾವ ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ನಾದಿನಿಯ ಕಣ್ಣಲ್ಲಿ ನೀರು ಬಂತು. ಸೊಸೆ ಅವಳ ತಟ್ಟೆಗೆ ಇನ್ನೊಂದು ಸೌಟು ಬೇಳೆ ಸುರಿದು, "ಉಣ್ಣು. ಅತ್ತು ಉಪವಾಸ ಹೋಗಬೇಡ," ಎಂದು ಅಡುಗೆಮನೆಗೆ ನಡೆದಳು. ಹಳೆಯ ವಿದ್ಯಾರ್ಥಿಗಳು ಎರಡು ವಾರ ಬಿಟ್ಟು, ಮತ್ತೊಂದು ಭಾನುವಾರ ಅಳತೆಗೆ ಬರುವುದೆಂದು ನಿಕ್ಕಿಯಾಯಿತು.

ಬೀಗ ಬಿದ್ದಿದೆ ಎಂಬುದು ಬರುವವರಿಗೆ ಹೇಗೆ ಗೊತ್ತಾಗಬೇಕು? ಮಧ್ಯಾಹ್ನವಾದರೆ ಒಬ್ಬರಲ್ಲ ಒಬ್ಬರು ಬಂದು ಮೆಟ್ಟಿಲ ಬಳಿ ನಿಂತು, ಬೀಗ ನೋಡಿ, ಚಪ್ಪಲಿ ಮೆಟ್ಟಿಕೊಂಡು ವಾಪಸ್ಸು ಹೋಗುತ್ತಿದ್ದರು. ಹೋಗದವನು ಇಸ್ತ್ರಿಯವನು ಒಬ್ಬನೇ. ಬೀದಿಯ ಮೂಲೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡವನು, ಐವತ್ತರ ಆಸುಪಾಸು. ಇವಳು ಹೊಲಿದದ್ದಕ್ಕೆಲ್ಲ ಇಸ್ತ್ರಿ ಹಾಕುವವನೂ ಅವನೇ.

"ಏನಪ್ಪಾ? ಬಟ್ಟೆ ಇನ್ನೂ ಆಗಿಲ್ಲ."

"ಬಟ್ಟೆಗಲ್ಲ ಅಕ್ಕಾ. ನನ್ನ ಹೆಸರು ಅರ್ಧಕ್ಕೇ ನಿಂತಿದೆ." ಅವನು ಜೇಬಿನಿಂದ ನಾಲ್ಕಾಗಿ ಮಡಿಚಿದ ಕಾಗದ ತೆಗೆದ. ಮಗಳಿಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಸೇರುವ ಅರ್ಜಿಯ ಕೊನೆಗೆ ತಂದೆಯ ಸಹಿ ಬೇಕು. ಮುಂದಿನ ಶನಿವಾರ ಕೊನೆಯ ದಿನ. "ನಾಲ್ಕಕ್ಷರ. ಎರಡು ಬರುತ್ತೆ. ಮೂರನೇದಕ್ಕೆ ಕೆಳಗೆ ಒತ್ತು ಇದೆ ನೋಡಿ, ಅಲ್ಲಿಗೆ ಮೇಡಂ ಬಿಟ್ಟುಹೋದ್ರು."

"ನಾನು ಟೀಚರ್ ಅಲ್ಲ."

"ಗೊತ್ತು. ಬಿಡಿ, ಹಾಗಾದ್ರೆ." ಅವನು ಕಾಗದ ಮಡಿಚಿದ. "ನಿಮಗೂ ಕೆಲಸ ಇದೆ. ಹೆಬ್ಬೆಟ್ಟು ಒತ್ತಿಬಿಡ್ತೀನಿ."

"ಏನಂದೆ?" ಅವಳ ದನಿ ಬೀದಿಗೆ ಕೇಳಿಸಿತು. "ಈ ಮನೆ ಬಾಗಿಲಲ್ಲಿ ನಿಂತು ಹೆಬ್ಬೆಟ್ಟು ಅಂತೀಯಾ? ನಿನ್ನ ಮಗಳು ನಾಳೆ ರೋಗಿಗಳ ಪಟ್ಟಿ ಬರೆಯೋಳು, ಅವಳ ಅರ್ಜಿ ಮೇಲೆ ಹೆಬ್ಬೆಟ್ಟಾ? ನಮ್ಮನೇಲಿ ಹೆಬ್ಬೆಟ್ಟು ನಡೆಯಲ್ಲ. ಬಾ ಒಳಗೆ!"

ಆಡಿದ ಮೇಲೆ ಅವಳಿಗೇ ಗೊತ್ತಾಯಿತು. ಪದ, ಏರು, ಸಿಟ್ಟು, ಎಲ್ಲ ಅತ್ತೆಯದು.

ಅಡುಗೆಮನೆ ಪಕ್ಕದ ಸಂದಿಯಲ್ಲಿ ಬಟ್ಟೆಯ ಗಂಟಿನ ಮೇಲೆ ಅವನನ್ನು ಕೂರಿಸಿ, ಮೊದಲು ಅಲ್ಪಿಯ ಕೈಗೆ ಒಪ್ಪಿಸಿದಳು. ಐದು ನಿಮಿಷದಲ್ಲಿ ಅಲ್ಪಿ, "ಅಯ್ಯೋ ಅಂಕಲ್, ಎಷ್ಟು ಸಲ ಹೇಳೋದು? ಒತ್ತು ಕೆಳಗೆ, ಕೆಳಗೆ! ನೀವು ತಲೆ ಮೇಲೆ ಹಾಕ್ತಿದ್ದೀರ!" ಎಂದು ಕೂಗತೊಡಗಿದಳು.

"ಒತ್ತೋದೇ ನನ್ನ ಕಸುಬು ಕಣಮ್ಮ," ಎಂದ ಅವನು ಬೆವರು ಒರೆಸಿಕೊಂಡು. "ದಿನಕ್ಕೆ ನೂರು ಅಂಗಿ ಒತ್ತುತ್ತೀನಿ. ಈ ಒಂದು ಒತ್ತು ಮಾತ್ರ ಬಗ್ತಾ ಇಲ್ಲ."

ಸೊಸೆ ಮಗಳನ್ನು ಏಳಿಸಿದಳು. ಕಡು ನೀಲಿ ಬಟ್ಟೆಯ ತುಂಡು ಹಾಸಿ, ಗುರುತು ಹಾಕುವ ಸೀಮೆಸುಣ್ಣದಿಂದ ಅಂಗೈಯಗಲದ ಅಕ್ಷರ ಬರೆದಳು. "ಇಲ್ನೋಡು. ಪ್ಯಾಂಟಿನ ಅಂಚು ಎಲ್ಲಿ ಮಡಿಚ್ತೀನಿ? ಸೊಂಟದಲ್ಲಾ, ಕಾಲಲ್ಲಾ?"

"ಕಾಲಲ್ಲಿ."

"ಒತ್ತು ಅಂದ್ರೆ ಅಂಚು. ಮೇಲಿನ ಅಕ್ಷರ ಪೂರ್ತಿ ಹೊಲಿದು ಮುಗಿಸು, ಆಮೇಲೆ ಕೆಳಗೆ ಬಂದು ಅಂಚು ಮಡಿಚು. ಅಲ್ಲಲ್ಲ, ಅಷ್ಟು ಉದ್ದ ಯಾಕೆ ಇಳಿಬಿಟ್ಟೆ? ನೆಲ ಗುಡಿಸ್ತಾ ಇದೆ. ಒರೆಸು. ಮತ್ತೆ ಬರಿ."

ಅವನು ಬರೆದ, ಒರೆಸಿದ. ಬರೆದ, ಒರೆಸಿದ. ಒಲೆಯ ಮೇಲೆ ತರಕಾರಿ ಸೀದಿತು. ಮಾವ ಮಲಗುವ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಎರಡನೇ ಅಕ್ಷರ ಇಷ್ಟು ದುಂಡಗೆ ಬರೀತೀಯಲ್ಲ, ಇದನ್ನ ಎಷ್ಟು ದಿನದಲ್ಲಿ ಕಲಿಸಿದ್ರು?" ಎಂದು ಕೇಳಿದಳು ಸೊಸೆ.

"ಅದಾ? ಅದು ಆಸ್ಪತ್ರೇಲಿ ಅಕ್ಕಾ. ನೋಡೋಕೆ ಅಂತ ಬ್ರೆಡ್ಡು ತಗೊಂಡು ಹೋಗಿದ್ದೆ. ಮೂಗಿಗೆ ನಳಿಗೆ ಹಾಕಿದ್ರು, ಮಾತಾಡೋಕೆ ಆಗ್ತಿರಲಿಲ್ಲ. ನನ್ನ ಕೈ ಹಿಡ್ಕೊಂಡು ಹಾಸಿಗೆ ಮೇಲೆ ಬೆರಳಲ್ಲಿ ಬರೆಸಿದ್ರು. ಸರಿ ಬರೋವರೆಗೂ ಬಿಡ್ಲಿಲ್ಲ. ಮೂರನೇದಕ್ಕೆ ನಾಳೆ ಬಾ ಅಂತ ಸನ್ನೆ ಮಾಡಿದ್ರು. ಮಾರನೇ ದಿನ ಹೋದೆ. ಹಾಸಿಗೆ ಖಾಲಿ ಇತ್ತು."

ಮಾವ ಎದ್ದು ಒಳಗೆ ಹೋದರು. ಸೊಸೆ ಸೆರಗಿನಿಂದ ಮೂಗು ಒರೆಸಿಕೊಂಡು, "ಏನು ನೋಡ್ತೀಯ ಬಾಯಿ ಬಿಟ್ಕೊಂಡು? ಬರಿ," ಎಂದು ಗದರಿದಳು.

ಅವನು ದಿನಾ ಬಂದ. ಎರಡು ಗಂಟೆಗೆ ಬಂದು ಮೂರಕ್ಕೆ ಹೋಗುತ್ತಿದ್ದ. ಮೂರನೆಯ ದಿನ ಒತ್ತು ಬಗ್ಗಿತು. ನಾಲ್ಕನೆಯ ಅಕ್ಷರ ಸುಲಭದ್ದು, ಎರಡೇ ದಿನ ಹಿಡಿಯಿತು. ಶುಕ್ರವಾರ ಮಧ್ಯಾಹ್ನ ಅವನು ಆ ಸಂದಿಯಲ್ಲಿ, ಕತ್ತರಿ ಮತ್ತು ದಾರದ ಉಂಡೆಗಳ ನಡುವೆ ಅರ್ಜಿಯನ್ನು ಹರವಿ, ಉಸಿರು ಬಿಗಿಹಿಡಿದು ನಾಲ್ಕೂ ಅಕ್ಷರ ಬರೆದ. ಕೊನೆಯದು ಗೆರೆ ದಾಟಿ ಸ್ವಲ್ಪ ಆಚೆ ಹೋಯಿತು. ಅವನು ಕಾಗದವನ್ನು ದೂರ ಹಿಡಿದು ನೋಡಿ, "ನಂದೇ," ಎಂದ. ಆ ದಿನ ಮಾವ ತಾವೇ ಅಡುಗೆಮನೆಗೆ ಹೋಗಿ ಮೂರು ಲೋಟ ಚಹಾ ಮಾಡಿಕೊಂಡು ಬಂದರು. ಸಕ್ಕರೆ ಮರೆತಿದ್ದರು. ಮೂವರೂ ಸುಮ್ಮನೆ ಕುಡಿದರು.

ಅಷ್ಟಾದರೂ ಕೀಲಿ ಜೇಬಿನಿಂದ ಹೊರಗೆ ಬರಲಿಲ್ಲ. ಸೊಸೆಯೂ ಮತ್ತೆ ಕೇಳಲಿಲ್ಲ. ಸಮವಸ್ತ್ರದಲ್ಲಿ ಮೂವತ್ತು ಜೊತೆ ಕೂಡ ಮುಗಿದಿರಲಿಲ್ಲ. ಶನಿವಾರ ಸಂಜೆ ಅವಳು ಗಂಡನಿಗೆ, "ಸೋಮವಾರ ಶಾಲೆಗೆ ಹೋಗಿ ನನ್ನಿಂದ ಆಗಲ್ಲ ಅಂತ ಹೇಳಿ ಬರ್ತೀನಿ," ಎಂದಳು. ಗಂಡ ಬಾಯಿ ತೆರೆದ, ಮುಚ್ಚಿದ. "ಏನೂ ಹೇಳಬೇಡಿ," ಎಂದಳು. "ಬೇಳೆ ಇವತ್ತು ಚೆನ್ನಾಗಿಲ್ಲ."

ಭಾನುವಾರ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಬಂದರು: ಒಬ್ಬ ವಕೀಲ, ಇನ್ನೊಬ್ಬ ಕಬ್ಬಿಣದಂಗಡಿಯವನು. ಜೊತೆಗೆ ನಾದಿನಿ. ಮಾವ ಬೀಗ ತೆಗೆದರು. ಕೋಣೆಯಲ್ಲಿ ಧೂಳಿನ ವಾಸನೆ. ಎರಡು ಬೆಂಚು, ಒಂದು ಕರಿಹಲಗೆ, ಮೂಲೆಯಲ್ಲಿ ಕೈಯಿರುವ ಮರದ ಕುರ್ಚಿ. ಸೊಸೆ ಬಾಗಿಲಾಚೆ ನಿಂತಳು.

ವಕೀಲ ಟೇಪು ಹಿಡಿದು, "ಫೋಟೋ ಈ ಗೋಡೆಗೆ. ಬೀರು ಕಿಟಕಿಗೆ ಅಡ್ಡ ಬರುತ್ತೆ, ಪರವಾಗಿಲ್ಲ. ಈ ಕುರ್ಚಿಗೆ ಹಗ್ಗ ಕಟ್ಟಿಬಿಡೋಣ, ಯಾರೂ ಕೂರಬಾರದು. ಮೇಡಂ ಕೂತ ಕುರ್ಚಿ," ಎಂದ.

"ಅವಳು ಅದರ ಮೇಲೆ ಕೂತೇ ಇಲ್ಲ," ಎಂದರು ಮಾವ.

"ಅಂದ್ರೆ?"

"ಬಂದವರು ಅದರ ಮೇಲೆ ಚೀಲ ಇಡ್ತಿದ್ರು. ಅವಳು ಬೆಂಚಿನ ಮೇಲೆ ಅವರ ಪಕ್ಕ ಕೂರ್ತಿದ್ಳು. ಎದುರಿಗೆ ಕೂತ್ರೆ ಅಕ್ಷರ ತಲೆಕೆಳಗಾಗಿ ಕಾಣುತ್ತೆ ಅಂತ." ಮಾವ ಬೆಂಚಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. "ಈ ಸ್ಮಾರಕಕ್ಕೆ ಬಂದವರು ಎಲ್ಲಿ ಕೂರ್ತಾರೆ?"

"ಕೂರೋದಕ್ಕೇನಿದೆ ಸಾರ್? ನೋಡ್ಕೊಂಡು ಹೋಗ್ತಾರೆ."

"ಹಾಗಾದ್ರೆ ಬೇಡ."

"ಅಪ್ಪಾ!" ಎಂದಳು ನಾದಿನಿ.

"ಅವಳು ಈ ಕೋಣೆನ ಸೊಸೆಗೆ ಕೊಡ್ತೀನಿ ಅಂದಿದ್ಳು. ನಾನು ಕೇಳಿಸ್ಕೊಂಡಿದ್ದೆ. ಬಲಗಾಲಿನ ಉಗುರು ಕತ್ತರಿಸ್ತಾ ಇದ್ದೆ." ಮಾವ ಯಾರ ಮುಖವನ್ನೂ ನೋಡಲಿಲ್ಲ. "ನೆನಪಿಲ್ಲ ಅಂತ ಸುಳ್ಳು ಹೇಳಿದೆ. ಇದನ್ನ ಖಾಲಿ ಮಾಡೋಕೆ ಮನಸ್ಸು ಬರ್ಲಿಲ್ಲ. ತಪ್ಪು ನಂದು."

ಸೊಸೆಗೆ ಬೈಯಬೇಕೆನಿಸಿತು. ಮೂರು ವಾರದ ಬೈಗುಳ ಗಂಟಲಲ್ಲೇ ಇತ್ತು. ಮಾವನ ಅಂಗಿಯ ಕಾಲರು ಕಿತ್ತುಹೋಗಿರುವುದು ಆಗ ಅವಳ ಕಣ್ಣಿಗೆ ಬಿತ್ತು. "ಆ ಅಂಗಿ ಬಿಚ್ಚಿಕೊಡಿ ಮಾವ, ಹೊಲಿದುಕೊಡ್ತೀನಿ. ಬಂದವರ ಮುಂದೆ ಹೀಗಾ ನಿಲ್ಲೋದು?" ಎಂದಳು.

ಕಬ್ಬಿಣದಂಗಡಿಯವನು ತಲೆ ಕೆರೆದುಕೊಂಡ. "ಮತ್ತೆ ಮೇಡಂ ಹೆಸರಲ್ಲಿ ಏನಾದ್ರೂ ಮಾಡಬೇಕಲ್ಲ ಅಕ್ಕಾ? ಬೀರು ಬೇಡ್ವಾ?"

"ಬೀರು ಬೇಡ. ಎರಡು ಟ್ಯೂಬ್‌ಲೈಟ್ ಹಾಕಿಸಿಕೊಡಿ. ಆ ಬೆಂಚಿನ ಕಾಲು ಅಲ್ಲಾಡುತ್ತೆ, ಅದಕ್ಕೊಂದು ಪಟ್ಟಿ ಹೊಡೆಸಿ. ಪುಸ್ತಕದಲ್ಲಿ ಶಾಂತಮೂರ್ತಿ ಅನ್ನೋದು ಹೊಡೆದುಹಾಕಿ."

ನಾದಿನಿ ಕನ್ನಡಕ ಸರಿಮಾಡಿಕೊಂಡು, "ಇಂಕ್ ಪ್ಯಾಡ್ ಮೋರಿಗೆ ಎಸೆದದ್ದು ಯಾವ ವರ್ಷ ಅತ್ತಿಗೆ?" ಎಂದಳು. ಅವಳ ಕೈಯಲ್ಲಿ ಪೆನ್ನಿತ್ತು.

ಸೋಮವಾರ ಮಿಷನ್ನು ಕಿಟಕಿಯ ಬಳಿಗೆ ಬಂತು. ಗಂಡ ಇನ್ನೊಂದು ಮಿಷನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಕತ್ತರಿಸುವ ಮೇಜು ನಡುವೆ ನಿಂತಿತು. ಒಂದು ಬೆಂಚು ಗೋಡೆಯ ಪಕ್ಕ ಉಳಿಯಿತು. ಸೊಸೆ ಮೊದಲೇ ಕಡ್ಡಿ ಮುರಿದಂತೆ ಹೇಳಿದಳು: "ಎರಡರಿಂದ ಮೂರು. ಮೂರಾದ ಮೇಲೆ ಯಾರು ಬಂದ್ರೂ ಆಗಲ್ಲ. ನಾನು ಕಲಿಸಲ್ಲ, ನನಗೆ ಕೆಲಸ ಇದೆ. ಮಾವ ಕಲಿಸ್ತಾರೆ."

"ನಾನಾ?" ಎಂದರು ಮಾವ.

"ಮತ್ತಿನ್ಯಾರು? ದಿನವಿಡೀ ಕೂತು ಏನು ಮಾಡ್ತೀರಿ?"

ಮೊದಲು ಬಂದವಳು ಆಸ್ಪತ್ರೆಯಲ್ಲಿ ನೆಲ ಒರೆಸುವ ಹೆಂಗಸು. ದಪ್ಪ ಕೈ, ದೊಡ್ಡ ದನಿ. ಮಾವ ಅವಳ ಪಕ್ಕ ಬೆಂಚಿನ ಮೇಲೆ ಕೂತು, ಗಡಿಯಾರದ ಮುಳ್ಳು ಕೂರಿಸುವವರಂತೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರ ಬರೆದುಕೊಟ್ಟರು.

ಮಿಷನ್ನು ತುಳಿಯುತ್ತಲೇ ಸೊಸೆ ಇಣುಕಿದಳು. "ಮಾವ, ಅಷ್ಟು ಸಣ್ಣಕ್ಕೆ ಬರೆದ್ರೆ ಇರುವೆಗೆ ಮಾತ್ರ ಕಾಣುತ್ತೆ. ದೊಡ್ಡದಾಗಿ ಬರೀರಿ."

"ನೀನು ಹೊಲಿಗೆ ನೋಡ್ಕೋ."

"ನೋಡ್ಕೊಳ್ತಾನೇ ಇದ್ದೀನಿ. ಅತ್ತೆ ಹಲಗೆ ತುಂಬ ಬರೀತಿದ್ರು."

"ನಿನ್ನತ್ತೆಗೆ ಸೀಮೆಸುಣ್ಣ ದಂಡ ಮಾಡೋದೇ ಚಾಳಿ. ಇಲ್ಲಿ ಟೀಚರ್ ಯಾರು, ನಾನೋ ನೀನೋ?"

"ಕೋಣೆ ಯಾರದ್ದು, ನನ್ನದೋ ನಿಮ್ಮದೋ?"

"ಕೋಣೆ ಕೊಟ್ಟೆ ಅಂತ ತಲೆ ಮೇಲೆ ಕೂರ್ತೀಯಾ?"

"ನೀವೆಲ್ಲಿ ಕೊಟ್ರಿ? ಅತ್ತೆ ಕೊಟ್ಟಿದ್ದು!"

ನೆಲ ಒರೆಸುವ ಹೆಂಗಸು ಸೀಮೆಸುಣ್ಣವನ್ನು ಹಲಗೆಗೆ ಕುಟ್ಟಿದಳು. "ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ ಇಬ್ಬರೂ?" ಎಂದು ಗದರಿದಳು. "ನಾನಿಲ್ಲಿ ಹೆಸರು ಬರೀತಾ ಇದ್ದೀನಿ!"

ಮಾವ ಬಾಯಿ ಮುಚ್ಚಿದರು. ಸೊಸೆ ತುಳಿಯುವುದನ್ನು ನಿಲ್ಲಿಸಿ, ಮಿಷನ್ನಿನ ಗಾಲಿಯ ಮೇಲೆ ಕೈಯಿಟ್ಟು, ಅವಳು ಬರೆದು ಮುಗಿಸುವವರೆಗೂ ಹಾಗೇ ಕೂತಳು.